ಕೆನ್ನೆಗೆ ಒತ್ತಿದ ಬಿಸಿ ಇಟ್ಟಿಗೆ

ಬಾಯಿ ತೆರೆಯಿರಿ ಅಂದರೆ ಜನ ಮೊದಲು ಕಣ್ಣು ಮುಚ್ಚುತ್ತಾರೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕಾರ್ಖಾನೆಗಳ ಪಕ್ಕದ ಒಂದು ಹಲ್ಲಿನ ದವಾಖಾನೆಯಲ್ಲಿ ಡಾಕ್ಟರ ಬದಿಗೆ ನಿಂತು ಸಾಮಾನು ಕೊಡುವ ಕೆಲಸ ನನ್ನದಿದ್ದಾಗ ದಿನಾ ನೋಡುತ್ತಿದ್ದದ್ದು ಇದನ್ನೇ. ದಪ್ಪ ಮೀಸೆಯ ಗಂಡಸರೂ ಕುರ್ಚಿಯ ಕೈ ಹಿಡಿದು ಕಣ್ಣು ಬಿಗಿಯುವುದನ್ನು ಕಂಡರೆ ನನಗೆ ಮಾಸ್ಕಿನೊಳಗೆ ನಗು ಬರುತ್ತಿತ್ತು. ಮಾಸ್ಕಿನ ದೊಡ್ಡ ಉಪಕಾರವೇ ಅದು, ಎಷ್ಟು ನಕ್ಕರೂ ಹೊರಗೆ ಗೊತ್ತಾಗುವುದಿಲ್ಲ. ಆದರೆ ಆ ಬೇಸಿಗೆಯಲ್ಲಿ ಬಂದ ಹುಡುಗಿ ಕಣ್ಣು ಮುಚ್ಚಲಿಲ್ಲ. ಬಾಯಿಯನ್ನೂ ತೆರೆಯಲಿಲ್ಲ. ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ನನ್ನನ್ನೇ ನೋಡುತ್ತಾ ಕೂತಳು. ನಗು ಬರಲಿಲ್ಲ ನನಗೆ.

ಎರಡು ಸಾವಿರದ ಹತ್ತರ ಆಚೀಚಿನ ಮಾತು. ಲೋಡ್‌ಶೆಡ್ಡಿಂಗಿನ ಕಾಲ. ನಮ್ಮ ರಸ್ತೆಯ ಕೊನೆಯಲ್ಲಿ ಒಂದು ದೊಡ್ಡ ಬಿಲ್ಡಿಂಗ್ ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುವವರು, ಸಿಮೆಂಟು ಕಲಸುವವರು ಎಲ್ಲ ಕಲಬುರಗಿ ಕಡೆಯವರು. ಈ ಹುಡುಗಿ ಅಲ್ಲಿಂದ ಬಂದವಳು. ಅವಳಿಗೆ ಆರು ತಿಂಗಳು ಮುಗಿದು ಏಳನೆಯದು ನಡೆಯುತ್ತಿತ್ತು. ಬಲಗಡೆಯ ಕೆನ್ನೆ ಊದಿತ್ತು. ಗಂಡ ದೂರದ ಸೈಟಿಗೆ ಹೋಗಿದ್ದ. ಜೊತೆಗೆ ಬಂದವಳು ಅತ್ತೆ. ಸಣಕಲು ಮೈ, ದೊಡ್ಡ ಕುಂಕುಮ, ಬಾಯಿ ಮಾತ್ರ ಲೌಡ್‌ಸ್ಪೀಕರು.

ನಮ್ಮ ಡಾಕ್ಟ್ರಮ್ಮ ಮರಾಠಿಯವಳು. ದೊಡ್ಡ ಕಲಿಕೆ ಮುಗಿಸಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ದವಾಖಾನೆ ಅವಳ ಮೇಲಿನ ಡಾಕ್ಟರದು, ನಾವು ದೊಡ್ಡ ಸರ್ ಅನ್ನುತ್ತಿದ್ದವರು, ಅವರು ಆಗ ಊರಲ್ಲಿರಲಿಲ್ಲ. ಅವಳಿಗೆ ಕನ್ನಡ ಬಾರದು, ಅತ್ತೆಗೆ ಮರಾಠಿ ಬಾರದು. ನಡುವೆ ನಾನು, ಉಡುಪಿ ಕಡೆಯವಳು.

"ಬಾಯಿ ಸ್ವಲ್ಪ ತೆಗಿ ಮಗಾ. ಬರೀ ನೋಡ್ಲಿಕ್ಕೆ. ಎಂತದೂ ಮಾಡುವುದಿಲ್ಲ" ಅಂದೆ.

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀ ಮಾತಾಡೂದು ಕನ್ನಡಾನೇ ಅದ ಖರೆ, ರೇಡಿಯೋದಾಗ ಬಂದಂಗ ಬರ್ತದ ನೋಡು."

"ನಿಮ್ಮದು ನನಗೆ ಜಗಳ ಮಾಡಿದ ಹಾಗೆ ಕೇಳ್ತದೆ. ಇರ್ಲಿ, ಇಬ್ಬರೂ ಸುಧಾರಿಸಿಕೊಳ್ಳುವ."

ಹುಡುಗಿ ಬಾಯಿ ತೆರೆದಳು. ಕೆಳಗಿನ ಹಿಂದಿನ ದವಡೆ ಹಲ್ಲು ಹುಳುಕು ಬಿದ್ದು ಬಟ್ಟಲಿನ ಹಾಗಾಗಿತ್ತು. ಸುತ್ತಲ ವಸಡು ಕೆಂಪಾಗಿ ಉಬ್ಬಿ, ಕನ್ನಡಿಯ ತುದಿ ತಾಗಿದರೂ ರಕ್ತ ಬರುತ್ತಿತ್ತು. ಹಲ್ಲಿನ ಬುಡವೆಲ್ಲ ಕಪ್ಪು. ಮಿಶ್ರಿ. ತಂಬಾಕನ್ನು ಕಾವಲಿಯ ಮೇಲೆ ಕರ್ರಗಾಗುವಷ್ಟು ಹುರಿದು ಪುಡಿ ಮಾಡಿ ಬೆಳಗ್ಗೆ ಬೆರಳಿನಲ್ಲಿ ಹಲ್ಲಿಗೆ, ವಸಡಿಗೆ ತಿಕ್ಕುವುದು. ಆ ಕಡೆಯ ಹೆಂಗಸರು ಬಹಳ ಜನ ಮಾಡುತ್ತಾರೆ. ನೋವು ಮರಗಟ್ಟುತ್ತದೆ, ಹಸಿವೂ ಸಾಯುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣಲು ಸಿಗದವರಿಗೆ ಎರಡೂ ಅನುಕೂಲವೇ.

ಹಲ್ಲು ತೆಗೆಯಬೇಕು, ಒಳಗೆ ಕೀವು ಕಟ್ಟುತ್ತಿದೆ ಅಂದಳು ಡಾಕ್ಟ್ರಮ್ಮ. ನಾನು ಹೇಳಿದೆ.

ಅತ್ತೆ ಎದ್ದು ನಿಂತಳು. "ಎರಡು ಜೀವದಾಕಿ ಅದಾಳ. ಹಲ್ಲು ಕೀಳೂದಿಲ್ಲ ಅಂತ ಹೇಳು ಅಕಿಗಿ. ಹಡದ ಮ್ಯಾಲೆ ನೋಡಮಿ."

ಅಲ್ಲಿಯವರೆಗೆ ತಡೆಯುವ ಊತ ಅದಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಡಾಕ್ಟ್ರಮ್ಮ ಬಸುರಿಯರಿಗೆ ಆಗುವಂಥ ಗುಳಿಗೆ ಬರೆದುಕೊಟ್ಟಳು. ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಬೇಕು, ಹೊರಗಿನಿಂದ ಶಾಖ ಕೊಡಲೇಬಾರದು, ಮಿಶ್ರಿ ಮುಟ್ಟಬಾರದು, ನಾಳೆ ಬಂದು ತೋರಿಸಬೇಕು. ಒಂದೊಂದನ್ನೂ ನಾನು ಬೆರಳು ಮಡಚಿ ಹೇಳಿದೆ. ಹುಡುಗಿ ತಲೆ ಆಡಿಸಿದಳು. ಅತ್ತೆ ಫ್ಯಾನು ನೋಡುತ್ತಿದ್ದಳು.

ಅವರು ಹೋದ ಮೇಲೆ ಡಾಕ್ಟ್ರಮ್ಮ ಬಹಳ ಹೊತ್ತು ಕೈ ತೊಳೆದಳು. ಅವಳಿಗೆ ಸಿಟ್ಟು ಬಂದರೆ ಕೈ ತೊಳೆಯುವುದು ಅಭ್ಯಾಸ.

"ಮಾವಶಿ, ನಿಮಗೂ ಹಾಗೇ ಅನಿಸುತ್ತದಲ್ಲ? ಹೆರಿಗೆ ಆಗುವ ತನಕ ಮುಟ್ಟಬಾರದು ಅಂತ?"

ಅವಳು ನನ್ನನ್ನು ಮರಾಠಿಯವರ ಹಾಗೆ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದಳು. ಸುಳ್ಳು ಹೇಳುವುದು ಯಾಕೆ, ನನಗೂ ಹಾಗೇ ಅನಿಸಿತ್ತು. ನಮ್ಮ ಕಡೆ ಬಸುರಿಯ ಹಲ್ಲು ಕೀಳಿಸುವುದುಂಟೇ? ಒಂದೊಂದು ಮಗುವಿಗೆ ತಾಯಿಯದು ಒಂದೊಂದು ಹಲ್ಲು ಹೋಗುತ್ತದೆ, ಹೊಟ್ಟೆಯ ಮಗು ಸುಣ್ಣ ಎಳೆದುಕೊಳ್ಳುತ್ತದೆ ಅಂತ ಕೇಳಿಕೊಂಡೇ ನಾನೂ ಹೆತ್ತವಳು.

ಡಾಕ್ಟ್ರಮ್ಮ ಲ್ಯಾಪ್‌ಟಾಪಿನಲ್ಲಿ ಏನೇನೋ ಓದುತ್ತಿದ್ದಳು. ಕರೆಂಟು ಇಲ್ಲದ ಮಧ್ಯಾಹ್ನಗಳಲ್ಲಿ ಬ್ಯಾಟರಿ ಸಾಯುವ ತನಕ ಓದಿ ನನಗೆ ಹೇಳುವಳು. ಮಗು ಹಲ್ಲಿನಿಂದ ಸುಣ್ಣ ಎಳೆಯುವುದಿಲ್ಲ ಮಾವಶಿ, ಬೇಕಿದ್ದು ತಾಯಿಯ ಊಟದಿಂದ ಹೋಗುತ್ತದೆ, ಊಟದಲ್ಲಿ ಇಲ್ಲದಿದ್ದರೆ ಎಲುಬಿನಿಂದ. ಹಲ್ಲು ಹಾಳಾಗುವುದು ವಾಂತಿಯ ಹುಳಿಯಿಂದ, ದಿನವಿಡೀ ಬಿಸ್ಕೀಟು ತಿನ್ನುವುದರಿಂದ, ನೋವೆಂದು ತಿಕ್ಕದೆ ಬಿಡುವುದರಿಂದ. ಬಸುರಲ್ಲಿ ವಸಡು ಬೇಗ ಊದುತ್ತದೆ. ಮೊದಲು ಡಾಕ್ಟರುಗಳೇ ಮುಟ್ಟಲು ಹೆದರುತ್ತಿದ್ದರು. ಈಗ ಊರೂರಲ್ಲಿ ಚಿಕಿತ್ಸೆ ಕೊಟ್ಟು ನೋಡಿದ್ದಾರೆ, ಮಗುವಿಗೆ ಹಾನಿ ಕಂಡಿಲ್ಲ. ವಸಡಿನ ಕ್ರಿಮಿ ರಕ್ತದಲ್ಲಿ ಸೇರಿ ಗರ್ಭದ ತನಕ ಹೋಗುತ್ತದೆ ಅನ್ನುವುದನ್ನೂ ಹುಡುಕುತ್ತಿದ್ದಾರೆ.

"ಹಾಗಾದರೆ ವಸಡು ಸರಿ ಮಾಡಿದರೆ ಹೆರಿಗೆ ದಿನ ತುಂಬಿಯೇ ಆಗ್ತದಾ?" ಅಂತ ಕೇಳಿದ್ದೆ.

"ಅದು ಇನ್ನೂ ಗಟ್ಟಿಯಾಗಿಲ್ಲ. ಹೌದು ಅಂದವರೂ ಇದ್ದಾರೆ, ಇಲ್ಲ ಅಂದವರೂ ಇದ್ದಾರೆ. ಆದರೆ ಕೀವು ಬಿಟ್ಟರೆ ಅಪಾಯ. ಅದರಲ್ಲಿ ಯಾರಿಗೂ ಎರಡು ಮಾತಿಲ್ಲ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಡಾಕ್ಟರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಂಬಿಕೆ ಬಂದದ್ದು ಅದಕ್ಕೇ.

ಮರುದಿನ ಹುಡುಗಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕುಕ್ಕರಿನಂಥ ಆಟೋಕ್ಲೇವಿನಲ್ಲಿ ಸಾಮಾನು ಬೇಯಿಸಿ ತೆಗೆಯುವಾಗೆಲ್ಲ ನನ್ನ ಕಿವಿ ಬಾಗಿಲ ಕಡೆಗೇ. ಮಧ್ಯಾಹ್ನದ ಬಿಡುವಿನಲ್ಲಿ ಛತ್ರಿ ಹಿಡಿದು ಹೊರಟೆ. ಡಾಕ್ಟ್ರಮ್ಮನಿಗೆ ಕೊತ್ತಂಬರಿ ತರುತ್ತೇನೆ ಅಂದೆ. ಅವಳು ತಲೆ ಎತ್ತದೆ, "ಕೊತ್ತಂಬರಿ ಸಿಕ್ಕಿದರೆ ಇಲ್ಲಿಗೇ ಕರೆದುಕೊಂಡು ಬನ್ನಿ" ಅಂದಳು.

ಬಿಲ್ಡಿಂಗಿನ ಹಿಂದೆ ತಗಡಿನ ಶೆಡ್ಡುಗಳು. ಒಳಗೆ ಬೆಂಕಿಯ ಝಳ. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಹೊರಗೆ ಮೂರು ಕಲ್ಲಿನ ಒಲೆ. ಅದರ ಕೆಂಡದ ಮೇಲೆ ಒಂದು ಇಟ್ಟಿಗೆ ತುಂಡು. ಇನ್ನೊಂದು ತುಂಡು ಹಳೇ ಸೀರೆಯ ಬಟ್ಟೆಯಲ್ಲಿ ಸುತ್ತಿ ಅತ್ತೆಯ ಕೈಯಲ್ಲಿ. ಅದನ್ನು ಸೊಸೆಯ ಕೆನ್ನೆಗೆ ಒತ್ತಿ ಹಿಡಿದಿದ್ದಳು. ಅದು ತಣ್ಣಗಾದರೆ ಇದು, ಇದು ತಣ್ಣಗಾದರೆ ಅದು. ಇಟ್ಟಿಗೆಗೆ ಅಲ್ಲಿ ಬರವೇ?

"ಎಂತ ಮಾರಾಯ್ತಿ ಇದು! ಶಾಖ ಕೊಡ್ಬೇಡಿ ಅಂತ ಹೇಳಿದ್ದಲ್ವಾ?"

"ಬಿಸಿ ಹಿಡದ್ರ ಅಕಿಗಿ ಜರಾ ಆರಾಮ ಅನಸ್ತದ. ಇಲ್ಲಂದ್ರ ಹೊಯ್ಕೋತಾಳ."

"ಗುಳಿಗೆ?"

ಅತ್ತೆ ಕಣ್ಣಲ್ಲೇ ತೋರಿಸಿದಳು. ದೇವರ ಫೋಟೋದ ಹಿಂದೆ ಗುಳಿಗೆಯ ಪಟ್ಟಿ ಇತ್ತು, ಒಂದೂ ಒಡೆಯದೆ, ಮೇಲೊಂದು ಒಣ ಹೂವು. "ಗುಳಿಗಿ ಭಾಳ ಗರಮ್ ಇರ್ತಾವ. ಹೊಟ್ಟ್ಯಾಗಿನ ಕೂಸಿಗಿ ಆಗಂಗಿಲ್ಲ."

ಗುಳಿಗೆ ಉಷ್ಣ ಅಂತ ದೇವರಿಗೆ ಕೊಟ್ಟು ಸುಡುವ ಇಟ್ಟಿಗೆಯನ್ನು ಸೊಸೆಗೆ ಕೊಟ್ಟಿದ್ದಳು. ಬೇರೆ ದಿನವಾದರೆ ಇದನ್ನು ಹೇಳಿ ಕುಟುಕದೆ ಬಿಡುತ್ತಿರಲಿಲ್ಲ ನಾನು. ಆದರೆ ಅಷ್ಟರಲ್ಲಿ ಹುಡುಗಿ ಮಾತಾಡಿದಳು. "ಯಮ್ಮಾ, ನೀರು" ಅಂದಿರಬೇಕು. ಬಾಯಲ್ಲಿ ಬಿಸಿ ಇಡ್ಲಿ ಇಟ್ಟುಕೊಂಡವರ ಹಾಗೆ ಕೇಳಿಸಿತು. ಬಗ್ಗಿ ಅವಳ ಗದ್ದ ಹಿಡಿದು ನೋಡಿದೆ. ಊತ ಈಗ ಕೆನ್ನೆಯಲ್ಲಿ ಮಾತ್ರ ಇರಲಿಲ್ಲ. ದವಡೆಯ ಕೆಳಗಿಳಿದು ಗದ್ದದ ಅಡಿಗೆ ಬಂದಿತ್ತು. ಮುಟ್ಟಿದರೆ ಹಲಗೆ. ಊತ ಗಂಟಲ ಕಡೆ ಇಳಿದರೆ ನಾಲಿಗೆ ಮೇಲೆದ್ದು ಉಸಿರಿನ ದಾರಿ ಮುಚ್ಚುತ್ತದೆ, ಹಲ್ಲಿನಿಂದಲೇ ಜನ ಸಾಯುತ್ತಾರೆ ಅಂತ ದೊಡ್ಡ ಸರ್ ಒಮ್ಮೆ ಹೇಳಿದ್ದರು. ಆಗ ನಾನು ಚಹಾ ಸೋಸುತ್ತಾ, ಹೆದರಿಸಲಿಕ್ಕೆ ಹೇಳುತ್ತಾರೆ ಅಂದುಕೊಂಡಿದ್ದೆ.

ಕೊಸರಾಡಲು ಪುರುಸೊತ್ತು ಕೊಡಲಿಲ್ಲ. ಒಂದು ರಿಕ್ಷಾ ನಿಲ್ಲಿಸಿ ಇಬ್ಬರನ್ನೂ ಹತ್ತಿಸಿದೆ. ದಾರಿಯಲ್ಲಿ ಹುಡುಗಿ ನನ್ನ ಕಿವಿಯ ಹತ್ತಿರ ಬಗ್ಗಿ ಒಂದು ಮಾತು ಹೇಳಿದಳು. ಎರಡು ಸಲ ಕೇಳಿದ ಮೇಲೆ ತಿಳಿಯಿತು.

"ಮುಂಜಾನಿಂದ ಕೂಸು ಆಡಿಲ್ಲ."

ಅತ್ತೆಗೆ ಕೇಳಿಸಬಾರದು ಅಂತ ಮೆಲ್ಲಗೆ ಹೇಳಿದ್ದು. ನಾನು ಹೊರಗೆ ನೋಡಿದೆ. ಕೆಮಿಕಲ್ ಫ್ಯಾಕ್ಟರಿಯ ಹೊಗೆಯಿಂದ ಕಣ್ಣು ಉರಿಯುತ್ತಿತ್ತು ಅನ್ನಿ.

ಡಾಕ್ಟ್ರಮ್ಮ ನೋಡಿದ ಕೂಡಲೇ ಗಡಿಬಿಡಿ ಮಾಡಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ದಿನಾ ಸಣ್ಣಪುಟ್ಟದಕ್ಕೆ ಹಾರಾಡುವವಳು ಈಗ ಮೆಲ್ಲಗೆ ಮಾತಾಡುತ್ತಿದ್ದಳು. ಎಂಜಲು ನುಂಗು ಅಂದಳು, ಹುಡುಗಿ ನುಂಗಿದಳು, ಕಷ್ಟದಿಂದ. ನಾಲಿಗೆ ಚಾಚು ಅಂದಳು, ಚಾಚಿದಳು. ಬಾಯಿಯ ನಡುವೆ ಬೆರಳು ಅಡ್ಡ ಇಟ್ಟು ನೋಡಿದಳು. ಎರಡು ಹಿಡಿಯುತ್ತಿತ್ತು, ಮೂರನೆಯದು ಇಲ್ಲ. ನಾಲಿಗೆಯ ಅಡಿಯನ್ನು ಮುಟ್ಟಿ ನೋಡಿದಳು. ಮೆತ್ತಗಿತ್ತು, ಊತ ಅಲ್ಲಿಗೆ ಇನ್ನೂ ಬಂದಿರಲಿಲ್ಲ.

"ಇನ್ನೂ ಸಮಯ ಇದೆ ಮಾವಶಿ. ಬಹಳ ಇಲ್ಲ."

ಮೇಲಿನ ಮಹಡಿಯಲ್ಲಿ ಹೆರಿಗೆ ಡಾಕ್ಟರು ಇದ್ದರು, ವಯಸ್ಸಾದ ಹೆಂಗಸು. ನಾನು ಮೆಟ್ಟಿಲು ಹತ್ತಿ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದೆ ಅಂದರೂ ತಪ್ಪಲ್ಲ. ಅವರು ಹುಡುಗಿಯ ಹೊಟ್ಟೆಯ ಮೇಲೆ ಮಗುವಿನ ಎದೆಬಡಿತ ಕೇಳಿಸುವ ಸಣ್ಣ ಯಂತ್ರ ಇಟ್ಟರು. ಮೊದಲು ಬರೀ ಗರಗರ. ಇನ್ನೊಂದು ಕಡೆ ಇಟ್ಟರು. ಗರಗರ. ಅತ್ತೆ ನನ್ನ ಸೆರಗು ಹಿಡಿದುಕೊಂಡದ್ದು ಅವಳಿಗೇ ಗೊತ್ತಿರಲಿಲ್ಲ. ಆಮೇಲೆ ಕೇಳಿಸಿತು. ಫಾಸ್ಟ್ ಲೋಕಲ್ ಟ್ರೇನು ಠಾಕುರ್ಲಿ ಸ್ಟೇಷನ್ನಿನಲ್ಲಿ ನಿಲ್ಲದೆ ಓಡುವಾಗ ಪ್ಲಾಟ್‌ಫಾರಂ ನಡುಗುತ್ತದಲ್ಲ, ಹಾಗೆ ಡಬಡಬಡಬ.

"ಮಗು ಇದೆ. ಆದರೆ ತಾಯಿಗೆ ಜ್ವರ ಇದೆ, ಮಗುವಿನ ಎದೆಬಡಿತ ಜೋರಾಗಿದೆ. ಕೀವು ಹೊರಗೆ ಹೋಗಲೇಬೇಕು" ಅಂದರು ಹೆರಿಗೆ ಡಾಕ್ಟರು.

ಈಗ ಎರಡು ದಾರಿ. ಠಾಣೆ ಶಹರದ ಕಡೆ ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಅಲ್ಲಿಗೆ ಹೋಗುವ ಶಿಳ್ ರಸ್ತೆಯಲ್ಲಿ ಆ ಹೊತ್ತಿಗೆ ಟ್ರಕ್ಕುಗಳು ಹಾವಿನ ಹಾಗೆ ನಿಂತಿರುತ್ತವೆ, ದಾರಿಯಲ್ಲಿ ಉಸಿರು ಕಟ್ಟಿದರೆ ಕೇಳುವವರಿಲ್ಲ. ಇಲ್ಲವೇ ಇಲ್ಲೇ, ಈಗಲೇ ಕೊಯ್ದು ಕೀವು ತೆಗೆದು, ಆಮೇಲೆ ನೋಡಬಹುದು. ಡಾಕ್ಟ್ರಮ್ಮ ದೊಡ್ಡ ಸರ್‌ಗೆ ಫೋನ್ ಹಚ್ಚಿದಳು. ಹತ್ತಲಿಲ್ಲ. ಮತ್ತೆ ಹಚ್ಚಲಿಲ್ಲ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ನನ್ನ ಕಡೆ ತಿರುಗಿದಳು.

"ಇಲ್ಲೇ ಮಾಡುತ್ತೇನೆ. ರಿಕ್ಷಾ ಬಾಗಿಲಲ್ಲೇ ಇರಲಿ. ಮಧ್ಯದಲ್ಲಿ ಧ್ವನಿ ಬದಲಾದರೆ, ಎಂಜಲು ನುಂಗಲು ಆಗದಿದ್ದರೆ, ಎಲ್ಲ ಬಿಟ್ಟು ಓಡುವುದು. ಅವರ ಅತ್ತೆಗೆ ಹೇಳಿ. ಏನೂ ಆಗುವುದಿಲ್ಲ ಅಂತ ಮಾತ್ರ ಹೇಳಬೇಡಿ. ಮಾಡಿದರೆ ಅಪಾಯ ಸ್ವಲ್ಪ, ಮಾಡದಿದ್ದರೆ ಬಹಳ. ಅಷ್ಟೇ ಹೇಳಿ."

ಅಷ್ಟೇ ಹೇಳುವುದು ಎಷ್ಟು ಕಷ್ಟ ಅಂತ ಅವಳಿಗೇನು ಗೊತ್ತು! ಏನೂ ಆಗುವುದಿಲ್ಲ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡು, ಅವಳು ಹೇಳಿದಷ್ಟೇ ಹೇಳಿದೆ.

ಅತ್ತೆ ಈಗ ಕೂಗಾಡಲಿಲ್ಲ. ನೆಲಕ್ಕೆ ಕುಕ್ಕರಿಸಿದಳು. "ನಂದು ಐದರಾಗ ಹೋಗ್ಯಾದ, ಯಕ್ಕಾ."

"ಏನು?"

"ಮೊದಲ್ನೇ ಕೂಸು. ಸಂತ್ಯಾಗ ಒಬ್ಬಾಂವ ಕುಂತಿರ್ತಿದ್ದ, ಇಕ್ಕಳ ಹಿಡಕೊಂಡು. ಹಲ್ಲು ಕಿತ್ತ. ಮುಂದ ನಾಕು ದಿನಕ್ಕ ಹೊಟ್ಟಿ ಜಾರಿತು. ನಮ್ಮತ್ತಿ ಅಂದ್ಳು, ಹಲ್ಲು ಕೀಳಿಸಿ ಕೂಸಿನ ತಿಂದಿ ಅಂತ. ಸಾಯೂತನಕಾ ಅಂದ್ಳು."

ಅವಳ ಪಕ್ಕ ನಾನೂ ನೆಲಕ್ಕೆ ಕೂತೆ. ಮೊಣಕಾಲು ಲಟಕ್ ಅಂತು.

"ಆ ಹಲ್ಲು ಕೀಳಿಸುವ ಮೊದಲು ಹೇಗಿತ್ತು? ಊದಿತ್ತಾ?"

"ಊದಿತ್ತಲ್ಲ. ಇಕಿಗಿ ಊದಿದಂಗೇ. ತಿಂಗಳೊಪ್ಪತ್ತು ಇತ್ತು."

"ಜ್ವರ?"

"ಚಳಿ ಬರ್ತಿತ್ತು. ನಡಗ್ತಿದ್ದೆ."

"ಹಾಗಾದ್ರೆ ಜ್ವರ ಮೊದಲು ಬಂದದ್ದು. ಕೀವು ಮೊದಲು ಬಂದದ್ದು. ಇಕ್ಕಳ ಆಮೇಲೆ ಬಂತು." ನಾನು ಬೇರೇನೂ ಸೇರಿಸಲಿಲ್ಲ. ಆ ಮಗು ಯಾತರಿಂದ ಹೋಯಿತೆಂದು ಹೇಳಲು ನಾನು ಯಾರು? ಡಾಕ್ಟ್ರಮ್ಮನಿಗೂ ಹೇಳಲು ಬಾರದು.

ಅತ್ತೆ ಸೊಸೆಯ ಕಡೆ ನೋಡಿದಳು. ಮತ್ತೆ ಎದ್ದಳು. "ಮಾಡ್ರಿ. ನಾ ಇಲ್ಲೇ ನಿಂದರ್ತೀನಿ. ಹೊರಗ ಹೋಗು ಅಂದ್ರ ಹೋಗಂಗಿಲ್ಲ."

ಹೊರಗೆ ಹೋಗು ಅನ್ನುವ ಧೈರ್ಯ ನಮಗೂ ಇರಲಿಲ್ಲ.

ಕೆಲಸ ಶುರುವಾಯಿತು. ಕೀವು ತುಂಬಿದ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಹಿಡಿಯುವುದಿಲ್ಲ. ಹಿಂದೆ, ದವಡೆಯೊಳಗೆ ನರ ಹೋಗುವ ಕಡೆಗೇ ಕೊಡಬೇಕು. ಎರಡು ಬೆರಳಿನಷ್ಟು ತೆರೆದ ಬಾಯಲ್ಲಿ ಅಷ್ಟು ಹಿಂದಕ್ಕೆ ಸೂಜಿ ಒಯ್ಯುವುದೆಂದರೆ ಮುಚ್ಚಿದ ಡಬ್ಬಿಯೊಳಗೆ ಸೂಜಿಗೆ ದಾರ ಪೋಣಿಸಿದ ಹಾಗೆ. ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ, ಬಸುರಿಯ ಬಲಸೊಂಟದ ಕೆಳಗೆ ನಾನು ಟವೆಲು ಸುತ್ತಿ ಇಟ್ಟೆ. ಡಾಕ್ಟ್ರಮ್ಮ ಸೂಜಿ ಇಳಿಸಿ, ಸಿರಿಂಜಿನ ಹಿಡಿ ಹಿಂದಕ್ಕೆ ಎಳೆದು ರಕ್ತ ಬರುವುದಿಲ್ಲ ಅಂತ ನೋಡಿ, ಮೆಲ್ಲಗೆ ಔಷಧ ಬಿಟ್ಟಳು. ತುಟಿ ಜೋಮು ಹಿಡಿಯಿತಾ ಅಂತ ನಾನು ಕೇಳಿದೆ. ಹುಡುಗಿ ಹೌದೆಂದು ಕಣ್ಣು ಮಿಟುಕಿಸಿದಳು.

ಅಷ್ಟರಲ್ಲಿ ಕರೆಂಟು ಹೋಯಿತು.

ಅದು ಹೋಗುವ ಹೊತ್ತೇ ಅಲ್ಲ. ದೀಪ ಆರಿತು, ಎಂಜಲು ಎಳೆಯುವ ಯಂತ್ರ ನಿಂತಿತು. ಇನ್ವರ್ಟರು ಬೆಳಗ್ಗೆಯೇ ಕುಯ್ ಅಂದು ಮಲಗಿತ್ತು. ಕುರ್ಚಿಯ ಮೋಟಾರೂ ಸತ್ತದ್ದು ನಮಗೆ ಕೂಡಲೇ ಹೊಳೆಯಲಿಲ್ಲ. ಹುಡುಗಿಯ ಮುಖ ನೋಡಿದ ಮೇಲೆ ಹೊಳೆಯಿತು. ಹಣೆಯಲ್ಲಿ ಬೆವರು, ತುಟಿ ಬಿಳಿ, ಕಣ್ಣುಗುಡ್ಡೆ ಮೇಲಕ್ಕೆ. ಟವೆಲು ಜಾರಿಹೋಗಿತ್ತು. ಅಂಗಾತ ಮಲಗಿದರೆ ಬಸುರಿಯ ಹೊಟ್ಟೆಯ ಭಾರ ಬೆನ್ನಿನ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ, ರಕ್ತ ಮೇಲೆ ಹೋಗುವುದಿಲ್ಲ. ಕುರ್ಚಿ ಎತ್ತೋಣ ಅಂದರೆ ಏಳುವುದಿಲ್ಲ.

"ಯವ್ವಾ, ಹೋದ್ಳು ನನ್ನ ಸೊಸಿ!" ಅತ್ತೆಯ ಕೂಗು ಬೀದಿಗೆ ಕೇಳಿರಬೇಕು.

"ಎಡಕ್ಕೆ! ಮಾವಶಿ, ಎಡಕ್ಕೆ ತಿರುಗಿಸಿ!"

ನಾನು ಸೊಂಟ ಹಿಡಿದೆ, ಅತ್ತೆಯ ಕೈಯನ್ನು ಎಳೆದು ಅವಳ ಸೊಸೆಯ ಭುಜಕ್ಕೆ ಇಟ್ಟೆ. "ಕೂಗುವುದು ಆಮೇಲೆ, ಮೊದಲು ಎತ್ತಿ!" ಇಬ್ಬರೂ ಸೇರಿ ಎಡಮಗ್ಗುಲಿಗೆ ತಿರುಗಿಸಿದೆವು. ಬೆನ್ನಿಗೆ ನನ್ನ ಮೊಣಕಾಲು ಕೊಟ್ಟು ನಿಂತೆ. ಡಾಕ್ಟ್ರಮ್ಮನ ಬೆರಳು ಹುಡುಗಿಯ ಕತ್ತಿನ ನಾಡಿಯ ಮೇಲೆ. ಹೊರಗೆ ರಿಕ್ಷಾದವನು ಹಾಡು ಗುನುಗುತ್ತಿದ್ದದ್ದು ಕೇಳಿಸುತ್ತಿತ್ತು. ಅವನನ್ನು ಬಡಿಯಬೇಕು ಅನಿಸಿತು.

ಮೆಲ್ಲಗೆ ತುಟಿಗೆ ಬಣ್ಣ ಬಂತು. ಹುಡುಗಿ ಕಣ್ಣು ಬಿಟ್ಟು, "ಮುಗೀತೇನು?" ಅಂದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಔಷಧದ ಜೋಮು ಎಷ್ಟು ಹೊತ್ತು ಇದ್ದೀತು, ಕರೆಂಟು ಯಾವಾಗ ಬಂದೀತು ಅಂತ ಹೇಳುವವರಿರಲಿಲ್ಲ. ಡಾಕ್ಟ್ರಮ್ಮ ಸ್ಟೂಲು ಸರಿಸಿ ಮೊಣಕಾಲೂರಿ ನೆಲಕ್ಕೆ ಕೂತಳು, ಮಗ್ಗುಲಾಗಿ ಮಲಗಿದವಳ ಬಾಯಿಗೆ ಸಮನಾಗಿ.

"ಮಾವಶಿ, ಟಾರ್ಚ್ ನೀಟ್ ಧರಾ."

ನೆಟ್ಟಗೆ ಹಿಡಿಯಿರಿ ಅಂದಳು. ಹಿಡಿದೆ. ಬೆಳಕು ಅಲ್ಲಾಡಬಾರದು ಅಂತ ಮೊಣಕೈಯನ್ನು ಕುರ್ಚಿಯ ಅಂಚಿಗೆ ಒತ್ತಿದೆ. ವಸಡು ಮತ್ತು ಕೆನ್ನೆಯ ನಡುವೆ ಉಬ್ಬಿ ಮೆತ್ತಗಾದ ಜಾಗ ಬೆಳಕಿಗೆ ಬಂತು. ಬ್ಲೇಡಿನ ತುದಿ ಅಲ್ಲಿ ಸಣ್ಣಗೆ ಇಳಿಯಿತು. ಆಮೇಲೆ ಮೊಂಡು ಚಿಮಟವನ್ನು ಮುಚ್ಚಿ ಒಳಗೆ ಬಿಟ್ಟು ಮೆಲ್ಲಗೆ ಅಗಲಿಸಿದಳು.

ಬಂತು. ವಾಸನೆ ಮೊದಲು. ಕೆಮಿಕಲ್ ಫ್ಯಾಕ್ಟರಿಗಳ ಪಕ್ಕ ಇಷ್ಟು ವರ್ಷ ಬದುಕಿದ ನನ್ನ ಮೂಗೂ ಮುದುಡಿತು. ಯಂತ್ರ ಇಲ್ಲವಲ್ಲ, ನಾನು ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬ್ಯಾಂಡೇಜು ಬಟ್ಟೆಯ ಉಂಡೆಗಳನ್ನು ಒತ್ತಿ ಒತ್ತಿ ತೆಗೆದೆ. ಮಗ್ಗುಲಾಗಿ ಮಲಗಿಸಿದ್ದೇ ಉಪಕಾರವಾಯಿತು. ಗಂಟಲಿಗೆ ಹೋಗದೆ ಟ್ರೇಗೆ ಹರಿಯಿತು. ಸಲೈನಿನಲ್ಲಿ ತೊಳೆದು, ಹೊಸ ಕೈಗವಸಿನ ರಬ್ಬರನ್ನು ಪಟ್ಟಿಯಾಗಿ ಕತ್ತರಿಸಿ ಗಾಯದೊಳಗೆ ಇಟ್ಟು ಹೊಲಿಗೆ ಹಾಕಿದಳು, ಉಳಿದದ್ದು ಅದರ ಗುಂಟ ಹೊರಗೆ ಬರಲಿ ಅಂತ. ಈಗ ಫೋನಿನಲ್ಲಿ ಇದನ್ನು ಬರೆಯುವಾಗ ನನ್ನ ಮೊಮ್ಮಗಳು, "ಆಜೀ, ಇತಕಂ ಜೋರಾತ್ ದಾಬೂ ನಕೋ" ಅಂತ ಬೈಯುತ್ತಾಳೆ. ಅಷ್ಟು ಜೋರಾಗಿ ಒತ್ತಬೇಡ ಅಂತೆ. ಒತ್ತಿ ಹಿಡಿಯುವುದೇ ಕೆಲಸವಾಗಿದ್ದವಳ ಬೆರಳಿಗೆ ಮುದ್ದು ಮಾಡಲು ಬರುತ್ತದೆಯೇ?

ಕುರ್ಚಿಯಿಂದ ಇಳಿಸಿ ಬೆಂಚಿನ ಮೇಲೆ ಕೂರಿಸಿದೆವು. ನಿಮಿಷ ನಿಮಿಷಕ್ಕೂ ನಾಲಿಗೆ ಚಾಚಿಸಿದ್ದು, ನುಂಗಿಸಿದ್ದು. ಚಮಚದಲ್ಲಿ ನೀರು ಕೊಟ್ಟೆ. ಮೊದಲನೆಯದು ಕೊರಳಲ್ಲಿ ನಿಂತ ಹಾಗಾಯಿತು. ಇಳಿಯಿತು. ಎರಡನೆಯದು ಸುಲಭವಾಗಿ ಇಳಿಯಿತು. ಆಮೇಲೆ ಅವಳು ಲೋಟವನ್ನೇ ಕಸಿದುಕೊಂಡಳು. ಎಷ್ಟು ಹೊತ್ತಿನಿಂದ ಬಾಯಾರಿದ್ದಳೋ. ನೀರು ಮುಗಿಸಿ ಒಮ್ಮೆಗೇ ಹೊಟ್ಟೆಗೆ ಕೈ ಇಟ್ಟಳು. ನಾನು ಹೆದರಿ ಎದ್ದೇಬಿಟ್ಟೆ.

"ಒದೀತು" ಅಂದಳು.

ಅತ್ತೆ ಅಷ್ಟು ಹೊತ್ತು ಅಳದೆ ಇದ್ದವಳು, ಆಗ ಅತ್ತಳು.

ಭಯ ಅಲ್ಲಿಗೆ ಮುಗಿಯಲಿಲ್ಲ. ಜ್ವರ ಇಳಿಯಬೇಕು, ಬಾಯಿ ತೆರೆಯಬೇಕು, ಆಮೇಲೆ ಹಲ್ಲು ತೆಗೆಯಬೇಕು. ಹೆರಿಗೆ ಡಾಕ್ಟರು ಅವಳನ್ನು ಮೇಲೆಯೇ ಇಟ್ಟುಕೊಂಡು ಸಲೈನಿನಲ್ಲಿ ಔಷಧ ಕೊಟ್ಟರು. ರಾತ್ರಿ ಮನೆಗೆ ಹೋದರೂ ನನ್ನ ಕಿವಿಯಲ್ಲಿ ಆ ಗರಗರವೇ. ಬೆಳಗ್ಗೆ ಮೆಟ್ಟಿಲು ಹತ್ತುವಾಗ ಅತ್ತೆಯ ಬಾಯಿ ಕೇಳಿಸುತ್ತದಾ ಅಂತ ಕಾಯುತ್ತಿದ್ದೆ. ಅವಳು ಯಾರನ್ನಾದರೂ ಬೈಯುತ್ತಿದ್ದರೆ ಎಲ್ಲ ಸರಿ ಇದೆ ಅಂತ ಲೆಕ್ಕ.

ಒಂದು ಬೆಳಗ್ಗೆ ಬೈಗುಳ ನನಗೇ ಸಿಕ್ಕಿತು. ನಾನು ಕುಚ್ಚಲಕ್ಕಿ ಗಂಜಿ ಒಯ್ದಿದ್ದೆ. ನಮ್ಮಲ್ಲಿ ಯಾವ ಕಾಯಿಲೆಗೂ ಅದೇ ತಾನೇ.

"ಇದೇನಿದು, ನೀರಾಗ ಅಕ್ಕಿ ಈಸ್ಯಾಡ್ಲಿಕತ್ಯಾವ" ಅಂದಳು ಅತ್ತೆ.

"ನೀವು ಕೊಟ್ಟದ್ದು ಚಹಾ, ಬಿಸ್ಕೀಟು. ಅದು ಭಾರೀ ಅಮೃತವಾ?"

ಡಾಕ್ಟ್ರಮ್ಮ ನಮ್ಮಿಬ್ಬರದ್ದೂ ತಪ್ಪು ಅಂದಳು. ಗಾಯ ಕೂಡಬೇಕಾದರೆ ಬರೀ ಗಂಜಿ ಸಾಲದು. ಬೇಳೆ, ಮೊಸರು, ಮೊಟ್ಟೆ ಬೇಕು. ವಸಡಿಗೆ ಸೊಪ್ಪು ಬೇಕು, ಲಿಂಬೆ ಬೇಕು. ಸಿಹಿ ಚಹಾ ದಿನವಿಡೀ ಹೀರುತ್ತಾ ಕೂತರೆ ಉಳಿದ ಹಲ್ಲೂ ಬಟ್ಟಲಾಗುತ್ತವೆ. ಮಿಶ್ರಿಯಲ್ಲಿರುವುದು ತಂಬಾಕು, ಅದರ ವಿಷ ಮಗುವಿಗೂ ಹೋಗುತ್ತದೆ. ಅತ್ತೆ ಕೇಳಿಕೊಂಡು ಹೋದಳು. ಮರುದಿನ ತಾನೇ ಮಾಡಿ ತಂದಳು. ಜೋಳದ ನುಚ್ಚು ಮೆತ್ತಗೆ ಬೇಯಿಸಿ ಮೊಸರು ಕಲಸಿದ್ದು, ಅದರ ಮೇಲೆ ನುಣ್ಣಗೆ ಕುಟ್ಟಿದ ಶೇಂಗಾ ಹಿಂಡಿ, ಬೇಳೆ ಹಾಕಿದ ಪುಂಡಿಪಲ್ಯ. ಹುಡುಗಿ ಎರಡು ಬೆರಳ ಬಾಯಲ್ಲೇ ಬಟ್ಟಲು ಖಾಲಿ ಮಾಡಿದಳು. ನನ್ನ ಗಂಜಿಯ ಡಬ್ಬಿ ತೆರೆಯಲೇ ಇಲ್ಲ. ಅತ್ತೆ ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. ಚುನಾವಣೆ ಗೆದ್ದವರೂ ಹಾಗೆ ನೋಡುವುದಿಲ್ಲ.

ಬಾಯಿ ಮೂರು ಬೆರಳು ತೆರೆದ ದಿನ ಡಾಕ್ಟ್ರಮ್ಮ ಹಲ್ಲು ತೆಗೆದಳು. ಈ ಸಲ ಕರೆಂಟು ಇತ್ತು, ಟವೆಲನ್ನು ನಾನು ಪಟ್ಟಿ ಹಾಕಿ ಕಟ್ಟಿದ್ದೆ. ಹಲ್ಲು ಬಂದದ್ದು ಗೊತ್ತೇ ಆಗಲಿಲ್ಲ. ದೊಡ್ಡ ಸರ್ ಊರಿನಿಂದ ಬಂದು ಎಲ್ಲ ಕೇಳಿ, ಅವಳ ಕೇಸಿನ ಕಾಗದ ತಿರುವಿ ನೋಡಿದರು. ಆಮೇಲೆ, "ನಾನಿದ್ದರೆ ಠಾಣೆಯ ಆಸ್ಪತ್ರೆಗೆ ಕಳಿಸುತ್ತಿದ್ದೆ" ಅಂದರು. ಅದು ಹೊಗಳಿದ್ದೋ ಬೈದದ್ದೋ ಡಾಕ್ಟ್ರಮ್ಮನಿಗೆ ಇವತ್ತಿಗೂ ಗೊತ್ತಾಗಿಲ್ಲ. ಆ ದಿನ ಅವಳು ಕೈ ತೊಳೆದದ್ದು ಬಹಳ.

ಹೆರಿಗೆಯ ಹೊತ್ತಿಗೆ ಮಳೆಗಾಲ ಬಂದಿತ್ತು, ಬಿಲ್ಡಿಂಗಿನ ಕೆಲಸ ನಿಂತಿತ್ತು. ಅವರು ನವೀ ಮುಂಬೈ ಕಡೆ ಬೇರೆ ಸೈಟಿಗೆ ಹೋದರು ಅಂತ ಕೇಳಿದೆ. ಮಗು ಹುಟ್ಟಿತೋ, ದಿನ ತುಂಬಿತೋ, ಒಂದೂ ತಿಳಿಯಲಿಲ್ಲ. ತಿಳಿಯದಿರುವುದೇ ಕಷ್ಟ. ರಸ್ತೆಯಲ್ಲಿ ಇಟ್ಟಿಗೆಯ ಲಾರಿ ಹೋದರೂ ನೆನಪಾಗುತ್ತಿತ್ತು.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಮೆಟ್ಟಿಲಲ್ಲಿ ಆ ಲೌಡ್‌ಸ್ಪೀಕರು ಕೇಳಿಸಿತು. ನನ್ನ ಕೈಯಲ್ಲಿದ್ದ ಟ್ರೇ ಬೀಳುವುದೊಂದು ಬಾಕಿ. ಮುಂದೆ ಅತ್ತೆ, ಹಿಂದೆ ಸೊಸೆ. ಸೊಸೆಯ ಕೆನ್ನೆ ತೆಳ್ಳಗೆ, ಹಲ್ಲಿನ ಬುಡದ ಕಪ್ಪು ಮಸುಕಾಗಿತ್ತು. ಅತ್ತೆಯ ತೋಳಲ್ಲಿ ಒಂದು ಬಟ್ಟೆಯ ಗಂಟು, ಅದರೊಳಗಿನಿಂದ ಒಂದು ಸಣ್ಣ ಮುಷ್ಟಿ.

"ದಿನಾ ತುಂಬೇ ಬಂತು ನೋಡು. ಹೆಣ್ಣು. ನನ್ನಂಗೇ ಬಾಯಿ."

"ಅಯ್ಯೋ ದೇವರೇ, ಇನ್ನೊಂದಾ!" ಅಂದೆ. ಮಾಸ್ಕು ಇದ್ದದ್ದು ಒಳ್ಳೆಯದಾಯಿತು.

ಮಗುವನ್ನು ತೋರಿಸಲು ಬಂದಿದ್ದಾರೆ ಅಂದುಕೊಂಡೆ. ಅತ್ತೆ ಮಗುವನ್ನು ನನ್ನ ಕೈಗೆ ಇಟ್ಟಳು. ಚಪ್ಪಲಿ ಕಳಚಿ, ಸೆರಗು ಬಿಗಿದು, ಯಾರೂ ಹೇಳದೆ ಹೋಗಿ ಆ ಕುರ್ಚಿಯ ಮೇಲೆ ಕೂತಳು.

"ನಂದೂ ಒಂದು ಅದ, ಕೆಳಗಿಂದು. ಆವತ್ತು ಕಿತ್ತಾಂವ ಅರ್ಧ ಒಳಗೇ ಬಿಟ್ಟಾನ. ಇಷ್ಟು ವರ್ಷ ಯಾರಿಗೂ ಮುಟ್ಟಗೊಟ್ಟಿಲ್ಲ. ತೆಗೀಲಿ."

ಡಾಕ್ಟ್ರಮ್ಮ ನನ್ನ ಕಡೆ ನೋಡಿದಳು. ನಾನು ಮರಾಠಿಯಲ್ಲಿ ಹೇಳಿದೆ. ಮಗು ಹಿಡಿದವಳಿಗೆ ಸಾಮಾನು ಕೊಡಲು ಕೈಯಿಲ್ಲ, ಆ ಕೆಲಸ ಡಾಕ್ಟ್ರಮ್ಮನೇ ಮಾಡಿಕೊಂಡಳು. ನಾನು ನಿಲ್ಲುತ್ತಿದ್ದ ಜಾಗದಲ್ಲಿ ಸೊಸೆ ನಿಂತು ಅತ್ತೆಯ ತಲೆ ಹಿಡಿದಳು. "ಏನೂ ಆಗಂಗಿಲ್ಲತ್ತಿ" ಅಂದವಳು, ನನ್ನ ಮುಖ ನೋಡಿ ತಿದ್ದಿಕೊಂಡಳು. "ಜರಾ ಆಗ್ತದ. ತಡಕೋ."

ಮಗು ನನ್ನ ಬೆರಳಿನ ಗಿಣ್ಣನ್ನು ಬಾಯಿಗೆ ಎಳೆದುಕೊಂಡಿತು. ಹಲ್ಲಿಲ್ಲದ ವಸಡು, ಏನು ಬಿಗಿ ಅಂತೀರಿ.

ಅತ್ತೆ ಬಾಯಿ ತೆರೆದಳು. ಕಣ್ಣು ಮುಚ್ಚಲಿಲ್ಲ. ಸೂಜಿ ಇಳಿಯುವಾಗಲೂ ಅವಳು ನೋಡುತ್ತಿದ್ದದ್ದು ನನ್ನ ಕೈಯಲ್ಲಿದ್ದ ಮೊಮ್ಮಗಳನ್ನೇ.